ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಆದವರಿಗೆ ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್: ಟ್ಯೂಟರ್ ಮೇಡಂ ಹತ್ರ ಕೇಳಿ

ಕಂಕನಾಡಿ ಸಿಸ್ಟರ್: ನಮಸ್ತೆ ಮೇಡಂ, ಪಿಯುಸಿ, ಜಿಎನ್‌ಎಂ, ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ ಎಲ್ಲ ಉಂಟು. ಪೋಸ್ಟ್ ಬೇಸಿಕ್ ಎಷ್ಟು ವರ್ಷ?

ಟ್ಯೂಟರ್ ಮೇಡಂ: ನಮಸ್ತೆ ಅಮ್ಮ. ರೆಗ್ಯುಲರ್ ಆದ್ರೆ 2 ವರ್ಷ, ಕ್ಲಾಸ್ ಮತ್ತೆ ಪೋಸ್ಟಿಂಗ್ (ಆಸ್ಪತ್ರೆಯಲ್ಲಿ ತರಬೇತಿ) ಎರಡೂ ಇರ್ತದೆ. ಕಾಲೇಜಿಗೆ ರಾಜೀವ್ ಗಾಂಧಿ ಯೂನಿವರ್ಸಿಟಿ ಅಫಿಲಿಯೇಷನ್ ಉಂಟಾ, ಇಲ್ಲಾ ಆ ಸಂಸ್ಥೆಯೇ ಸ್ವಂತ ಯೂನಿವರ್ಸಿಟಿಯಾ ಅಂತ ನೋಡಿಕೊಂಡೇ ಸೇರಿ.

ಸುರತ್ಕಲ್ ನೈಟ್ ಡ್ಯೂಟಿ: ಮೇಡಂ ಇದು ನಿಜವಾ? (ಫಾರ್ವರ್ಡ್) "6 ತಿಂಗಳಲ್ಲಿ ಬಿಎಸ್ಸಿ ನರ್ಸಿಂಗ್!! ಕ್ಲಾಸ್ ಇಲ್ಲ, ಮನೆಗೇ ಸರ್ಟಿಫಿಕೇಟ್, ಗಲ್ಫ್ ಗ್ಯಾರಂಟಿ"

ಟ್ಯೂಟರ್ ಮೇಡಂ: ಸುಳ್ಳು. ಡಿಲೀಟ್ ಮಾಡಿ, ಮುಂದೆ ಕಳಿಸ್ಬೇಡಿ.

ಮೂಡಬಿದ್ರೆ: ಎಎನ್‌ಎಂ (ಜಿಎನ್‌ಎಂಗಿಂತ ಕೆಳಗಿನ ಕೋರ್ಸ್) ಆದವರು ಸೇರ್ಬಹುದಾ?

ಟ್ಯೂಟರ್ ಮೇಡಂ: ಇಲ್ಲ. ಮೊದಲು ಜಿಎನ್‌ಎಂ.

ಬಂಟ್ವಾಳ ಐಸಿಯು: ಮೇಡಂ ನಾನು ಹತ್ತು ವರ್ಷದ ಹತ್ರ ಐಸಿಯುನಲ್ಲಿದ್ದೇನೆ, ಮಗು ಸಣ್ಣದು, ಕೆಲಸ ಬಿಡ್ಲಿಕ್ಕೆ ಆಗುದಿಲ್ಲ. ಒಬ್ಬ ಏಜೆಂಟ್ ಹೇಳ್ತಾನೆ ರೆಗ್ಯುಲರ್ ಕಾಲೇಜಲ್ಲಿ ಹೆಸರು ಇರ್ತದೆ, ಪರೀಕ್ಷೆಗೆ ಮಾತ್ರ ಬಂದ್ರೆ ಸಾಕು, ಡ್ಯೂಟಿ ಮಾಡಿಕೊಂಡೇ ಇರಿ ಅಂತ. ಮುಂದೆ ಕುವೈತ್‌ಗೆ ಹೋಗುವ ಯೋಚನೆ ಉಂಟು.

ಟ್ಯೂಟರ್ ಮೇಡಂ: ನಿಮ್ಮದು ಓದಿ ನನಗೆ ತಲೆಬಿಸಿ ಆಯ್ತು. ಗಲ್ಫ್‌ಗೆ ಹೋಗುವಾಗ ಡೇಟಾಫ್ಲೋ ಅಂತ ಸರ್ಟಿಫಿಕೇಟ್ ಪರಿಶೀಲಿಸುವ ಕಂಪೆನಿಯವರು ಕಾಲೇಜಿಗೂ ಆಸ್ಪತ್ರೆಗೂ ಬೇರೆಬೇರೆ ಕೇಳಿ ತಾಳೆ ನೋಡ್ತಾರೆ, ಅದೇ 2 ವರ್ಷದಲ್ಲಿ ನೀವು ಹಗಲಿಡೀ ಕ್ಲಾಸಲ್ಲೂ ಇದ್ರಿ ಫುಲ್ ಟೈಮ್ ಡ್ಯೂಟಿಲೂ ಇದ್ರಿ ಅಂತ ಬಂದ್ರೆ ಡಿಗ್ರಿಯೂ ಸಂಶಯ, ನಿಜವಾಗಿ ದುಡಿದ ಹತ್ತು ವರ್ಷವೂ ಸಂಶಯ. ಮತ್ತೆ ಪೋಸ್ಟ್ ಬೇಸಿಕ್‌ನಲ್ಲಿ ನಿಮಗೆ ಬೆಡ್ ಮಾಡ್ಲಿಕ್ಕೆ ಯಾರೂ ಕಲಿಸುದಿಲ್ಲ. ಪೊಟ್ಯಾಶಿಯಂ ನೇರ ಪುಶ್ ಮಾಡ್ಬಾರ್ದು ಅಂತ ನಿಮ್ಮ ಕೈಗೇ ಗೊತ್ತುಂಟು, ಯಾಕೆ ಅಂತ ಜೂನಿಯರ್‌ಗೆ ಬಿಡಿಸಿ ಹೇಳ್ಲಿಕ್ಕೆ ಬಯೋಕೆಮಿಸ್ಟ್ರಿ ಬೇಕು, ಎರಡನೇ ವರ್ಷ ಅಡ್ಮಿನಿಸ್ಟ್ರೇಷನ್, ಎಜುಕೇಷನ್, ರಿಸರ್ಚ್ ಮತ್ತೆ ಸ್ಟ್ಯಾಟಿಸ್ಟಿಕ್ಸ್ ಬರ್ತದೆ, ನಿಮ್ಮ ಐಸಿಯುನಲ್ಲಿ ಎಷ್ಟು ಕ್ಯಾನುಲಾ (ಡ್ರಿಪ್‌ಗೆ ರಕ್ತನಾಳಕ್ಕೆ ಹಾಕುವ ಟ್ಯೂಬ್) ಹಾಕಿದ ಜಾಗ ಬಾತುಕೊಳ್ತದೆ, ಯಾವ ಶಿಫ್ಟಲ್ಲಿ ಜಾಸ್ತಿ ಅಂತ ಲೆಕ್ಕ ಇಟ್ಟು ಡಾಕ್ಟ್ರ ಎದುರು ಇಡುದು ಅಲ್ಲಿ ಕಲಿಯುದು. ಪರೀಕ್ಷೆಗೆ ಮಾತ್ರ ಹೋದ್ರೆ ಎಂತ ಸಿಕ್ತದೆ, ಒಂದು ಕಾಗದ. ಕೆಲಸ ಬಿಡದೆ ಓದ್ಬೇಕಾದ್ರೆ ಇಗ್ನೋ (ದೂರಶಿಕ್ಷಣದ ಓಪನ್ ಯೂನಿವರ್ಸಿಟಿ) ಅವರದ್ದು ನೋಡಿ: ರಿಜಿಸ್ಟ್ರೇಷನ್ ಆದ ಮೇಲೆ 2 ವರ್ಷದ ಅನುಭವ, ಎಂಟ್ರೆನ್ಸ್, ಕಡಿಮೆ ಅಂದ್ರೆ 3 ವರ್ಷ. ಪ್ರಾಕ್ಟಿಕಲ್‌ಗೆ ಸೆಂಟರಿಗೆ ಹೋಗ್ಲೇಬೇಕು. ಈ ವರ್ಷ ಅಡ್ಮಿಷನ್ ಕರೆದಿದ್ದಾರಾ ಅಂತ ಅವರ ವೆಬ್‌ಸೈಟಲ್ಲೇ ನೋಡಿ, ಏಜೆಂಟ್ ಬಾಯಲ್ಲಿ ಅಲ್ಲ.

ಕಾರ್ಕಳ: ಫೀಸ್ ಎಷ್ಟು ಆಗ್ತದೆ ಮೇಡಂ?

ಮೂಲ್ಕಿ: ನನ್ನ ಅಕ್ಕ ನ್ಯೂಯಾರ್ಕಲ್ಲಿ ಪೂರಾ ಆನ್‌ಲೈನಲ್ಲೇ ಡಿಗ್ರಿ ಮಾಡಿದ್ಲು, ಇಲ್ಲಿ ಮಾತ್ರ ಎಲ್ಲದಕ್ಕೂ ರೂಲ್ಸ್.

ಉಡುಪಿ ಬ್ರದರ್: ಅಲ್ಲಿದು ಆರ್‌ಎನ್ ಟು ಬಿಎಸ್‌ಎನ್, ಅಲ್ಲಿನ ನರ್ಸ್ ಲೈಸೆನ್ಸ್ (ಆರ್‌ಎನ್) ಇದ್ದವರಿಗೆ ನರ್ಸಿಂಗ್ ಡಿಗ್ರಿ (ಬಿಎಸ್‌ಎನ್) ಮಾಡ್ಲಿಕ್ಕೆ. ನ್ಯೂಯಾರ್ಕಲ್ಲಿ 2017ರಲ್ಲಿ ಕಾನೂನೇ ಬಂತು, ಹೊಸ ನರ್ಸ್‌ಗಳು 10 ವರ್ಷದೊಳಗೆ ಬಿಎಸ್‌ಎನ್ ಮಾಡ್ಬೇಕು ಅಂತ. ರೂಲ್ಸ್ ಇಲ್ಲದ್ದು ಎಲ್ಲಿ ಮಾರಾಯ್ರೆ?

ಕುಂದಾಪುರ: ಡಿಗ್ರಿ ಮಾಡಿ ಎಂತ ಮಾಡುದ್ ಮರ್ರೆ, ಸಂಬ್ಳ ಅಷ್ಟೇ. ಈಗಿನ ಬಿಎಸ್ಸಿ ಹುಡ್ಗಿಯರಿಗೆ ಕ್ಯಾನುಲಾ ಹಾಕುಕೂ ಬತ್ತಿಲ್ಲ.

ಬಿಎಸ್ಸಿ ಹುಡುಗಿ: ಬರ್ತದೆ ಅಕ್ಕ, ನೀವು ಟ್ರೇ ಬಿಟ್ಟುಕೊಟ್ರೆ.

ಕುಂದಾಪುರ: ಪೇಶೆಂಟಿಗೆ ಮೂರು ಸಲ ಚುಚ್ಚಿದ್ ಮೇಲೆ ಯಾರನ್ ಕರಿತ್ರಿ? ನಮ್ಮನ್ನೇ ಅಲ್ದಾ?

ಬಿಎಸ್ಸಿ ಹುಡುಗಿ: ರಿಪೋರ್ಟ್ ಇಂಗ್ಲಿಷಲ್ಲಿ ಬರೀಲಿಕ್ಕೆ ನೀವು ಯಾರನ್ನ ಕರೀತೀರಿ ಅಂತಲೂ ಹೇಳಿ.

ಟ್ಯೂಟರ್ ಮೇಡಂ: ಜಗಳ ಹೊರಗೆ ಮಾಡಿ.

ಸುಳ್ಯ: ಪೋಸ್ಟ್ ಬೇಸಿಕ್ ಎಷ್ಟು ವರ್ಷ ಮೇಡಂ?

ಟ್ಯೂಟರ್ ಮೇಡಂ: ಮೇಲೆ ಉಂಟು.

ಪುತ್ತೂರು: ಆಮೇಲೆ ಎಂಎಸ್ಸಿ ಮಾಡ್ಬಹುದಾ?

ಟ್ಯೂಟರ್ ಮೇಡಂ: 55% ಬೇಕು, 1 ವರ್ಷದ ಅನುಭವ ಬೇಕು, ಪೋಸ್ಟ್ ಬೇಸಿಕ್‌ಗೆ ಮೊದಲಿನದ್ದಾದ್ರೂ ಆಗ್ತದೆ.

ಸುರತ್ಕಲ್ ನೈಟ್ ಡ್ಯೂಟಿ: ಇನ್ನೊಂದು ಬಂದಿದೆ ನೋಡಿ, "9 ತಿಂಗಳಲ್ಲಿ..."

ಟ್ಯೂಟರ್ ಮೇಡಂ: ಇನ್ನೊಂದು ಫಾರ್ವರ್ಡ್ ಹಾಕಿದ್ರೆ ಅಡ್ಮಿನ್‌ಗೆ ಹೇಳಿ ತೆಗೆಸ್ತೇನೆ.

ಬಂಟ್ವಾಳ ಐಸಿಯು: ಮೇಡಂ... ಆ ಏಜೆಂಟ್ ಹತ್ರ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಎಲ್ಲ ಕೊಟ್ಟಾಗಿದೆ.

ಟ್ಯೂಟರ್ ಮೇಡಂ: ಒರಿಜಿನಲ್ ಯಾಕೆ ಕೊಟ್ರಿ ಮಾರಾಯ್ತಿ! ನಾಳೆಯೇ ಮನೆಯವರನ್ನ ಕರ್ಕೊಂಡು ಹೋಗಿ ವಾಪಸ್ ಕೇಳಿ, ಕೊಡದಿದ್ರೆ ಸ್ಟೇಷನ್‌ಗೆ ಹೋಗಿ ಬರೆದು ದೂರು ಕೊಡಿ, ಅವನ ಮೆಸೇಜ್ ಒಂದೂ ಡಿಲೀಟ್ ಮಾಡ್ಬೇಡಿ. ಸಿಕ್ಕಿದ ಕೂಡ್ಲೇ ನನಗೆ ಪರ್ಸನಲ್ ಮೆಸೇಜ್ ಹಾಕಿ.

ಕಾರ್ಕಳ: ಫೀಸ್ ಕೇಳಿದ್ದೆ ಮೇಡಂ??