ಪದಚರ್ಚೆ: ‘ಡೆಮಗಾಗ್’ಗೆ ಕನ್ನಡದಲ್ಲಿ ಏನನ್ನೋಣ? ನಾಳೆ ಸಂಜೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ.

ನಮ್ಮ ಕಾಲೇಜಿನ ಇತಿಹಾಸ ಪ್ರದರ್ಶನಕ್ಕೆ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಪ್ರೆಸ್ಸಿಗೆ ಕೊಡಬೇಕು. ಎಲ್ಲ ಮುಗಿದಿದೆ, ಒಂದೇ ಪದಕ್ಕೆ ನಿಂತಿದೆ: ‘ಡೆಮಗಾಗ್’. ಜನರ ಸಿಟ್ಟು, ಭಯ ಬಳಸಿಕೊಂಡು ಅಧಿಕಾರ ಹಿಡಿಯುವವನಿಗೆ ಇಂಗ್ಲಿಷಿನಲ್ಲಿ ಹೀಗನ್ನುತ್ತಾರೆ.

ಫಲಕದಲ್ಲಿ 1933ರ ಜನವರಿ 30ರ ಫೋಟೋ ಇದೆ. ಹಿಟ್ಲರ್ ಜರ್ಮನಿಯ ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥ, ಆದ ದಿನ ಅದು. ನಡುವಿನ ಕುರ್ಚಿಯಲ್ಲಿ ಹಿಟ್ಲರ್. ಒಂದು ಪಕ್ಕ ಅವನದೇ ನಾಜಿ ಪಕ್ಷದ ಗೋರಿಂಗ್, ಇನ್ನೊಂದು ಪಕ್ಕ ನಾಜಿ ಅಲ್ಲದ ಉಪ ಚಾನ್ಸಲರ್ ಪಾಪೆನ್. ಉಳಿದ ಮಂತ್ರಿಗಳು ಹಿಂದೆ ನಿಂತಿದ್ದಾರೆ. ಆ ಸಂಪುಟದಲ್ಲಿ ಹಿಟ್ಲರನೂ ಸೇರಿ ನಾಜಿಗಳು 3 ಜನ ಮಾತ್ರ. ಹಿಟ್ಲರನನ್ನು ಮುಂದಿಟ್ಟುಕೊಂಡು ತಾವೇ ಆಳಬಹುದು ಅಂತ ಪಾಪೆನ್ ನಂಬಿದ್ದ. ಫೆಬ್ರುವರಿ 28ಕ್ಕೆ ಜನರ ಮೂಲಭೂತ ಹಕ್ಕುಗಳು ಹೋದವು. ಮಾರ್ಚ್ 23ಕ್ಕೆ ಸಂಸತ್ತು ಕಾನೂನು ಮಾಡುವ ತನ್ನ ಅಧಿಕಾರವನ್ನೇ ಹಿಟ್ಲರನ ಸರ್ಕಾರದ ಕೈಗಿಟ್ಟಿತು. ಪರವಾಗಿ 444 ಮತ, ವಿರೋಧವಾಗಿ 94. ಫೋಟೋ ತೆಗೆದು ಎರಡು ತಿಂಗಳೂ ಆಗಿರಲಿಲ್ಲ.

ಕರಡಿನಲ್ಲಿ ‘ಪುಢಾರಿ’ ಅಂತ ಹಾಕಿದ್ದೆ. ಪ್ರೂಫ್ ನೋಡೋಕೆ ಕೂತಿದ್ದ ವಿದ್ಯಾರ್ಥಿನಿ ಆ ಪದ ಬಂದ ಕೂಡಲೇ ಪೆನ್ಸಿಲ್ ಇಟ್ಟು ನಕ್ಕಳು. ‘ನಮ್ಮ ವಾರ್ಡಿನವನೊಬ್ಬ ನೆನಪಾದ ಮೇಡಂ’ ಅಂದಳು. ಪದ ತಪ್ಪು ಅಂತ ನನಗೆ ಅಲ್ಲೇ ಗೊತ್ತಾಯ್ತು. ಇಂಥವರನ್ನು ಹಗುರವಾಗಿ ಕಂಡು ಒಂದು ದೇಶ ಏನಾಯ್ತು ಅಂತ ಹೇಳೋಕೇ ಆ ಫಲಕ ಇರೋದು. ಪದವೇ ಅವನನ್ನು ಹಗುರ ಮಾಡಿದರೆ ಹೇಗೆ? ‘ಬಾಯಿಬಡುಕ’ನಿಗೂ ಇದೇ ತೊಂದರೆ. ದಯವಿಟ್ಟು ಯೋಚಿಸಿ ಹೇಳಿ.

ಮರು: ಮೈಸೂರಿನಿಂದ

‘ಜನೋತ್ತೇಜಕ’ ಅಂತ ಹಾಕಿ. ಇಷ್ಟಕ್ಕೆಲ್ಲ ಚರ್ಚೆ ಯಾಕೆ?

ಮರು: ಧಾರವಾಡದಿಂದ

ಉತ್ತೇಜನ ಕೊಡೋದು ಒಳ್ಳೆ ಕೆಲಸ. ಅದು ಹೊಗಳಿಕೆ ಆಯ್ತು. ಬೇಡವೇ ಬೇಡ.

ಮೇಡಂ, ‘ಪುಢಾರಿ’ಯನ್ನು ಬಿಡಬೇಡಿ. ಮರಾಠಿಯಲ್ಲಿ ‘ಪುಢೆ’ ಅಂದರೆ ಮುಂದೆ. ಪುಢಾರಿ ಅಂದರೆ ಮುಂದಾಳು, ಅಷ್ಟೇ. ಅಲ್ಲಿ ಅದು ಬೈಗುಳ ಅಲ್ಲ. ಕನ್ನಡಕ್ಕೆ ಬಂದ ಮೇಲೆ ಅದರ ಮರ್ಯಾದೆ ಹೋಯ್ತು. ಗ್ರೀಕಿನಲ್ಲೂ ಹೀಗೇ ಆಗಿದೆ. ‘ದೇಮೋಸ್’ ಜನ, ‘ಅಗೋಗೋಸ್’ ನಡೆಸುವವನು. ಮೊದಲು ಬರೀ ಜನನಾಯಕ. ಆಮೇಲೆ ಅಥೆನ್ಸಿನಲ್ಲಿ ಕ್ಲಿಯೋನ್ ಎಂಬ ರಾಜಕಾರಣಿಯಂಥವರ ಕಾಲಕ್ಕೆ ಕೆಟ್ಟ ಅರ್ಥ ಅಂಟಿತು. ಎರಡು ಭಾಷೆಯ ಪದಗಳು ಒಂದೇ ದಾರಿಯಲ್ಲಿ ನಡೆದು ಬಂದಿವೆ. ಇದಕ್ಕಿಂತ ಒಳ್ಳೆ ಜೋಡಿ ಎಲ್ಲಿ ಸಿಗುತ್ತೆ?

ಮರು: ತುಮಕೂರಿನಿಂದ

ಮರಾಠಿಯಿಂದ ಎರವಲು ಯಾಕೆ? ಇಟ್ಟುಕೊಳ್ಳೋದೇ ಆದರೆ ‘ಪುಡಾರಿ’ ಅಂತ ಬರೆಯಿರಿ. ಢಕಾರ ಯಾರ ಬಾಯಲ್ಲಿದೆ?

ನಾವೇ ಕಟ್ಟೋಣ: ‘ಮಂದಿಮರುಳಿಗ’. ‘ಗಾರ’ ಬೇಡ, ಅದು ಸಂಸ್ಕೃತದ ‘ಕಾರ’. ಕನ್ನಡಿಗ, ಗಾಣಿಗ ಇದ್ದ ಹಾಗೆ ಮರುಳಿಗ. ‘ಮರುಳು’ ಸಣ್ಣ ಪದ ಅಲ್ಲ. ಹಳಗನ್ನಡದಲ್ಲಿ ರಣರಂಗದಲ್ಲಿ ಕುಣಿಯುವ ಪಿಶಾಚಿಗೂ ಮರುಳ್ ಅಂತಾರೆ. ನಮ್ಮಮ್ಮ ಪೇಪರ್ ಓದುತ್ತಾ ರಾಜಕೀಯದ ಪುಟಕ್ಕೆ ಬಂದರೆ ಮಡಚಿ ಇಟ್ಟುಬಿಡುತ್ತಾರೆ. ಅಲ್ಲಿನ ಪದಗಳು ಅವರವಲ್ಲ. ಮಂದಿಗೆ ಎಚ್ಚರ ಹೇಳಬೇಕಾದ ಮಾತೇ ಮಂದಿಗೆ ತಿಳಿಯದಿದ್ದರೆ ಏನು ಬಂತು? ಇದಕ್ಕೆ ನನಗೆ ನಿಜವಾಗಿ ಸಿಟ್ಟಿದೆ.

ಮರು: ಮೈಸೂರಿನಿಂದ

ಕಟ್ಟಿದ ಪದ ಕಟ್ಟಿದವರ ಬಾಯಲ್ಲೇ ಉಳಿಯುತ್ತೆ. ಹಾಗಾದರೆ ‘ಡೆಮಗಾಗ್’ ಅಂತಲೇ ಇಡಿ. ಬಸ್ಸು, ಲೈಟು, ವೋಟು ಇಟ್ಟುಕೊಂಡಿಲ್ವಾ?

ಮರು: ತುಮಕೂರಿನಿಂದ

ವೋಟು ದಿನಾ ಕಿವಿಗೆ ಬೀಳುತ್ತೆ. ಡೆಮಗಾಗ್ ಬೀಳುತ್ತಾ? ಹೋಲಿಕೆನೇ ತಪ್ಪು.

ಮರು: ಪ್ರಶ್ನೆ ಕೇಳಿದವಳಿಂದ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಪೂರ್ತಿ ಇದೇ ತಲೆಯಲ್ಲಿತ್ತು.

ಧಾರವಾಡದ ಸರ್, ಫಲಕದ ಮುಂದೆ ನಿಂತವರು ಪದದ ಮೂಲ ಓದಲ್ಲ, ಇವತ್ತಿನ ಅರ್ಥ ಓದುತ್ತಾರೆ. ಆದರೆ ಕ್ಲಿಯೋನನನ್ನು ನೆನಪಿಸಿದ್ದು ಒಳ್ಳೆಯದಾಯ್ತು. ಕ್ರಿ.ಪೂ. 424ರಲ್ಲಿ ಅವನನ್ನು ಗೇಲಿ ಮಾಡಿದ ಒಂದು ನಾಟಕಕ್ಕೆ ಅಥೆನ್ಸಿನಲ್ಲಿ ಮೊದಲ ಬಹುಮಾನ ಬಂತು. ಅದೇ ವರ್ಷ ಅಲ್ಲಿಯ ಜನ ಅವನನ್ನು ಸೇನಾಪತಿಯಾಗಿ ಆರಿಸಿದರು. ನಕ್ಕರು, ಆಮೇಲೆ ಆರಿಸಿದರು. ನನ್ನ ಭಯ ಇರೋದು ಆ ನಗುವಿನ ಬಗ್ಗೆಯೇ.

ತುಮಕೂರಿನವರೇ, ನಿಮ್ಮ ಸಿಟ್ಟು ನನ್ನದೂ ಹೌದು. ಆದರೆ ‘ಮರುಳಿಗ’ ನನ್ನ ಕಿವಿಗೆ ಮರುಳು ಹಿಡಿದವನು ಅಂತಲೇ ಕೇಳಿಸುತ್ತೆ. ಹುಚ್ಚ ಅಂದುಬಿಟ್ಟರೆ ಮತ್ತೆ ಹಗುರ ಮಾಡಿದ ಹಾಗೇ ಅಲ್ವಾ? ಇನ್ನು ‘ಮಂದಿ ಮರುಳಾದರು’ ಅಂದರೆ ತಪ್ಪೆಲ್ಲ ಮಂದಿಯ ತಲೆಗೆ ಬರುತ್ತೆ. ಲೆಕ್ಕ ನೋಡಿ. 1932ರ ಜುಲೈನಲ್ಲಿ ನಾಜಿಗಳಿಗೆ 37.3 ಶೇಕಡ ಮತ. ನವೆಂಬರಿನಲ್ಲಿ 33.1ಕ್ಕೆ ಇಳಿದಿತ್ತು. ಜನ ಬಹುಮತ ಕೊಟ್ಟಿರಲಿಲ್ಲ, ಇಳಿಸೋಕೆ ಶುರು ಮಾಡಿದ್ದರು. ಬಾಗಿಲು ತೆಗೆದವರು ತಾವು ಜಾಣರು ಅಂದುಕೊಂಡಿದ್ದ ಪಾಪೆನ್‌ನಂಥ ನಾಲ್ಕಾರು ಜನ.

ಅದಕ್ಕೇ ‘ನಾಯಕ’ ಇರಲೇಬೇಕು ಅಂತ ತೀರ್ಮಾನಿಸಿದೆ. ಹಿಟ್ಲರನ ಹಿಂದೆ ಜನ ಇದ್ದದ್ದು ಸುಳ್ಳಲ್ಲ. ಅವರ ಹಸಿವು, ಕೆಲಸ ಇಲ್ಲದ ಸಂಕಟ ಸುಳ್ಳಲ್ಲ. ಅದನ್ನು ಅವನು ಕೆರಳಿಸಿದ. ಈಗ ಫಲಕದ ತಲೆಬರಹ ಹೀಗಿದೆ: ‘ಜನರನ್ನು ಕೆರಳಿಸಿ ಮೇಲೇರುವ ನಾಯಕನನ್ನು ಹಗುರವಾಗಿ ಕಂಡರೆ’. ಒಂದು ಪದಕ್ಕೆ ನಾಲ್ಕು ಪದ ಆಯ್ತು. ಆಗಲಿ.

ಅದೇ ಹುಡುಗಿಗೆ ಓದೋಕೆ ಕೊಟ್ಟೆ. ಈ ಸಲ ನಗಲಿಲ್ಲ. ಫೋಟೋ ನೋಡಿ, ‘ಮೇಡಂ, ಇದರಲ್ಲಿ ಹಗುರವಾಗಿ ಕಂಡವರು ಯಾರು?’ ಅಂತ ಕೇಳಿದಳು. ಪಾಪೆನ್ ಮೇಲೆ ಬೆರಳಿಟ್ಟೆ.

ಒಂದೇ ಅನುಮಾನ ಉಳಿದಿದೆ. ‘ಕಂಡರೆ’ ಅಂದರೆ ಮುಂದೆ ಆಗಬಹುದಾದ್ದು, ‘ಕಂಡಾಗ’ ಅಂದರೆ ಆಗಿಹೋದದ್ದು. ನನ್ನ ಮನಸ್ಸು ‘ಕಂಡರೆ’ ಕಡೆಗಿದೆ. ನಾಲ್ಕು ಗಂಟೆಯೊಳಗೆ ಯಾರಾದರೂ ಹೇಳಿ.