ಗ್ರೌಂಡ್ ಬೀಫ್ ತರಕಾರಿ ಫ್ರೈ: ಬಾಣಲೆ ತುಂಬ ನೀರು, ಕೈಮಾ ಬೂದು ಬಣ್ಣ. ಎಲ್ಲಿ ತಪ್ಪುತ್ತಿದೆ?

ಹೊಸ ಒಲೆ:
ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿದ್ದೇನೆ. ಮನೆಯಲ್ಲಿ ಕಾಯಿಲ್ ಇರುವ ಕರೆಂಟ್ ಒಲೆ, 26 ಸೆಂ.ಮೀ. ಅಗಲದ ನಾನ್‌ಸ್ಟಿಕ್ ಬಾಣಲೆ. 450 ಗ್ರಾಂ ಗ್ರೌಂಡ್ ಬೀಫ್ ಪ್ಯಾಕೆಟ್ (80/20), ಒಂದು ಕ್ಯಾರೆಟ್, ಒಂದು ಹಿಡಿ ಬೀನ್ಸ್, ಕಾಲು ಭಾಗ ಎಲೆಕೋಸು, ಒಂದು ದೊಣ್ಣೆ ಮೆಣಸಿನಕಾಯಿ. ಈರುಳ್ಳಿ ಬಾಡಿಸಿ, ಮಾಂಸ ಹಾಕಿ ಕೈಯಾಡಿಸಿ, ಬಣ್ಣ ತಿರುಗಿದ ಮೇಲೆ ತರಕಾರಿ, ಸೋಯಾ ಸಾಸ್ ಹಾಕುತ್ತೇನೆ. ಪ್ರತಿ ಸಲವೂ ನೀರು ಬಿಟ್ಟುಕೊಂಡು ಎಲ್ಲ ಬೆಂದುಹೋಗುತ್ತದೆ, ಹುರಿದ ಹಾಗೆ ಆಗುವುದೇ ಇಲ್ಲ. ಕೈಮಾ ಬೂದು ಬಣ್ಣದ ಉಂಡೆ, ಎಲೆಕೋಸು ಮೆತ್ತಗೆ. ಆಫೀಸಿನಿಂದ ಬಂದು 25 ನಿಮಿಷದಲ್ಲಿ ಮುಗಿಯಬೇಕು. ಕ್ರಮ ಹೇಳಿ ದಯವಿಟ್ಟು.

ಕಬ್ಬಿಣದ ಬಾಣಲೆ:
ಸಾಮಾನೆಲ್ಲ ಸರಿಯಾಗಿದೆ, ಕ್ರಮ ಹಿಂದುಮುಂದಾಗಿದೆ. ಹಸಿ ಮಾಂಸದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಆ ನೀರು ಬಾಣಲೆಯಲ್ಲಿ ಇರುವಷ್ಟು ಹೊತ್ತು ಶಾಖ 100 ಡಿಗ್ರಿ ದಾಟುವುದಿಲ್ಲ. ಮಾಂಸ ಕಂದು ಬಣ್ಣಕ್ಕೆ ತಿರುಗಿ ಹುರಿದ ಘಮ ಬರಬೇಕಾದರೆ ಮೇಲ್ಮೈ 140 ಡಿಗ್ರಿಯಾದರೂ ಮುಟ್ಟಬೇಕು. ನೀವು ಮೊದಲಿನಿಂದಲೇ ಕೈಯಾಡಿಸುತ್ತಿರುವುದರಿಂದ ಪ್ರತಿ ಚೂರೂ ನೀರು ಬಿಡುತ್ತದೆ, ಯಾವ ಚೂರೂ ಬಾಣಲೆಗೆ ಅಂಟಿ ಕೂರುವುದಿಲ್ಲ. ಅದರ ಮೇಲೆ ತರಕಾರಿಯ ನೀರು, ಸೋಯಾ ಸಾಸಿನ ನೀರು. ಅಲ್ಲಿಗೆ ಅದು ಸಾರೇ ಆಯಿತು.

ಹೀಗೆ ಮಾಡಿ ನೋಡಿ.

ಸಾಸ್ ಮೊದಲು ಕಲಸಿಡಿ, ಒಲೆ ಹಚ್ಚಿದ ಮೇಲೆ ಪುರುಸೊತ್ತು ಸಿಗುವುದಿಲ್ಲ. ಸೋಯಾ ಸಾಸ್ 2 ದೊಡ್ಡ ಚಮಚ, ಸಕ್ಕರೆ 1 ಟೀ ಚಮಚ, ವಿನೆಗರ್ 1 ಟೀ ಚಮಚ, ಕುಟ್ಟಿದ ಕಾಳುಮೆಣಸು ಅರ್ಧ ಟೀ ಚಮಚ, ಕಾರ್ನ್‌ಫ್ಲೋರ್ 1 ಟೀ ಚಮಚ, ನೀರು 4 ದೊಡ್ಡ ಚಮಚ. ಒಂದು ಎಚ್ಚರಿಕೆ: ನಮ್ಮೂರಲ್ಲಿ ಕಾರ್ನ್‌ಫ್ಲೋರ್ ಅಂತ ಕೊಡುವ ಬಿಳಿ ನುಣುಪು ಪುಡಿಗೆ ಅಲ್ಲಿ ಕಾರ್ನ್‌ಸ್ಟಾರ್ಚ್ ಎನ್ನುತ್ತಾರೆ. ಅಲ್ಲಿಯ ಕಾರ್ನ್ ಫ್ಲೋರ್ ಎಂದರೆ ಮುಸುಕಿನ ಜೋಳದ ಹಿಟ್ಟು. ಅದನ್ನು ಹಾಕಿದರೆ ಸಾಸಿಗೆ ಹೊಳಪು ಬರುವುದಿಲ್ಲ, ತರಿತರಿ ಗಂಜಿ ಆಗುತ್ತದೆ.

ತರಕಾರಿ ತೊಳೆದು ಬಟ್ಟೆಯಲ್ಲಿ ಒರೆಸಿ. ಜರಡಿಯಲ್ಲಿ ಬಸಿದರೆ ಸಾಲದು. ಎಲೆಕೋಸಿನ ಮಡಿಕೆಗಳಲ್ಲಿ ನಿಂತ ನೀರೇ ಎರಡು ಚಮಚ ಇರುತ್ತದೆ. ಬೀನ್ಸ್ ಓರೆಯಾಗಿ 3 ಸೆಂ.ಮೀ. ಉದ್ದಕ್ಕೆ, ಕ್ಯಾರೆಟ್ ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪಗೆ, ಎಲೆಕೋಸು ಎರಡು ಬೆರಳಗಲದ ಚೌಕ. ಪಲ್ಯಕ್ಕೆ ಹೆಚ್ಚುವಷ್ಟು ಸಣ್ಣಗೆ ಬೇಡ, ಸಣ್ಣಗಾದಷ್ಟೂ ನೀರು ಬೇಗ ಬಿಡುತ್ತದೆ.

ಈಗ ಮಾಂಸ. ಬಾಣಲೆ ಕಾಯಿಸಿ 1 ಟೀ ಚಮಚ ಎಣ್ಣೆ ಸವರಿ. 80/20 ಎಂದರೆ ನೂರಕ್ಕೆ ಇಪ್ಪತ್ತು ಪಾಲು ಕೊಬ್ಬು, 450 ಗ್ರಾಂನಲ್ಲಿ 90 ಗ್ರಾಂ, ಹಾಗಾಗಿ ಹೆಚ್ಚು ಎಣ್ಣೆ ಬೇಕಿಲ್ಲ. ಅರ್ಧ ಪ್ಯಾಕೆಟ್ ಮಾತ್ರ ಹಾಕಿ, ಪುಡಿ ಮಾಡದೆ ಒಂದೂವರೆ ಸೆಂ.ಮೀ. ದಪ್ಪದ ರೊಟ್ಟಿಯ ಹಾಗೆ ತಟ್ಟಿಬಿಡಿ. ಉರಿ ಜೋರಾಗಿರಲಿ. 4 ನಿಮಿಷ ಮುಟ್ಟಬೇಡಿ. ಕಿವಿ ಅತ್ತ ಇಡಿ: ಮೊದಲು ನೀರು ಕುದಿಯುವ ಗುಳುಗುಳು ಸದ್ದು, ಅದು ತಗ್ಗಿ ಎಣ್ಣೆಯಲ್ಲಿ ಸಾಸಿವೆ ಸಿಡಿಯುವಂಥ ಚಿಟಪಟ ಶುರುವಾದಾಗ ನೀರು ಹೋಗಿ ಕೊಬ್ಬು ಹುರಿಯುತ್ತಿದೆ ಎಂದರ್ಥ. ಅಂಚು ಎತ್ತಿ ನೋಡಿ. ತಳ ಕಾಫಿ ಬೀಜದ ಬಣ್ಣಕ್ಕೆ ಬಂದಿದ್ದರೆ ದೊಡ್ಡ ದೊಡ್ಡ ತುಂಡು ಮಾಡಿ ಮಗುಚಿ, ಇನ್ನೆರಡು ನಿಮಿಷ. ಆಮೇಲೆ ದೋಸೆ ಮಗುಚುವ ಸಟ್ಟುಗದ ಅಂಚಿನಿಂದ ಪುಡಿ ಮಾಡಿ, ಒಳಗೆ ಕೆಂಪು ಉಳಿಯದ ಹಾಗೆ ಬೇಯಿಸಿ ತಟ್ಟೆಗೆ ತೆಗೆಯಿರಿ. ಉಳಿದರ್ಧವೂ ಹೀಗೆಯೇ. 26 ಸೆಂ.ಮೀ. ಬಾಣಲೆಗೆ ಎರಡು ಕಂತು ಅನಿವಾರ್ಯ, ಅದರಲ್ಲೂ ಕಾಯಿಲ್ ಒಲೆಯ ಮೇಲೆ. ತಣ್ಣಗಿನ ಮಾಂಸ ಬಿದ್ದು ಬಾಣಲೆ ಒಮ್ಮೆ ಆರಿತೆಂದರೆ ಮತ್ತೆ ಕಾಯುವುದು ನಿಧಾನ.

ಕೊಬ್ಬು 1 ದೊಡ್ಡ ಚಮಚದಷ್ಟು ಉಳಿಸಿಕೊಂಡು ಮಿಕ್ಕದ್ದನ್ನು ಖಾಲಿ ಡಬ್ಬಿಗೆ ಬಸಿಯಿರಿ. ಸಿಂಕಿಗೆ ಸುರಿಯಬೇಡಿ, ತಣ್ಣಗಾದ ಮೇಲೆ ಪೈಪಿನಲ್ಲಿ ಮೇಣದ ಹಾಗೆ ಕಟ್ಟಿಕೊಳ್ಳುತ್ತದೆ.

ಅದೇ ಬಾಣಲೆಯಲ್ಲಿ ಬೀನ್ಸ್ 3 ನಿಮಿಷ, ಕ್ಯಾರೆಟ್ ಸೇರಿಸಿ 2 ನಿಮಿಷ, ಎಲೆಕೋಸು, ದೊಣ್ಣೆ ಮೆಣಸಿನಕಾಯಿ ಸೇರಿಸಿ ಒಂದೂವರೆ ನಿಮಿಷ. ಮುಚ್ಚಳ ಬೇಡವೇ ಬೇಡ. ನಡುವೆ ಜಾಗ ಮಾಡಿ ಜಜ್ಜಿದ ಬೆಳ್ಳುಳ್ಳಿ 4 ಎಸಳು, ಹೆರೆದ ಶುಂಠಿ 1 ಟೀ ಚಮಚ, ಅರ್ಧ ನಿಮಿಷ. ಇವನ್ನು ಮೊದಲೇ ಹಾಕಿದರೆ ಮಾಂಸ ಕಂದಾಗುವಷ್ಟರಲ್ಲಿ ಸೀದು ಕಹಿಯಾಗುತ್ತದೆ. ಮಾಂಸ ವಾಪಸ್ ಹಾಕಿ, ಸಾಸನ್ನು ಮತ್ತೊಮ್ಮೆ ಕದಡಿ (ಕಾರ್ನ್‌ಫ್ಲೋರ್ ತಳಕ್ಕೆ ಕೂತಿರುತ್ತದೆ), ಬಾಣಲೆಯ ಅಂಚಿನ ಸುತ್ತ ಸುರಿಯಿರಿ. 40 ಸೆಕೆಂಡಿನಲ್ಲಿ ಗಟ್ಟಿಯಾಗಿ ಹೊಳೆಯುತ್ತದೆ. ಇಳಿಸಿ, ಈರುಳ್ಳಿ ಸೊಪ್ಪು ಉದುರಿಸಿ. ನಿಮ್ಮ ಈರುಳ್ಳಿಯನ್ನು ಬಿಡಲು ಮನಸ್ಸಿಲ್ಲದಿದ್ದರೆ ದಪ್ಪ ಸೀಳು ಮಾಡಿ ಕ್ಯಾರೆಟ್ ಜತೆ ಹಾಕಿ, ಮಾಂಸಕ್ಕಿಂತ ಮೊದಲು ಮಾತ್ರ ಬೇಡ.

ಉಪ್ಪು ಬೇರೆ ಹಾಕುವ ಮೊದಲು ರುಚಿ ನೋಡಿ. 2 ದೊಡ್ಡ ಚಮಚ ಸೋಯಾ ಸಾಸಿನಲ್ಲೇ ಸುಮಾರು ಮುಕ್ಕಾಲು ಟೀ ಚಮಚ ಉಪ್ಪಿನಷ್ಟು ಇರುತ್ತದೆ. ಹಸಿ ಕೈಮಾಕ್ಕೆ ಉಪ್ಪು ಕಲಸಿಡುವ ಅಭ್ಯಾಸ ಇದ್ದರೆ ಬಿಡಿ. ಉಪ್ಪು ಮಾಂಸದ ಪ್ರೋಟೀನನ್ನು ಅಂಟು ಮಾಡುತ್ತದೆ. ಕಬಾಬಿಗೆ ಅದೇ ಬೇಕು, ಉದುರುದುರು ಫ್ರೈಗೆ ಬೇಡ.

ಬಂದರು ರಸ್ತೆ:
ಮೇಲಿನ ಕ್ರಮ ಸರಿ. ಮಂಗಳೂರು ಕಡೆಯವರಿಗೆ ಎರಡು ಮಾತು ಸೇರಿಸುತ್ತೇನೆ. ಇಲ್ಲಿ ಅಂಗಡಿಯಲ್ಲಿ ಸಿಗುವುದು ಎಮ್ಮೆ ಮಾಂಸದ ಕೈಮಾ, ಕೊಬ್ಬು ತೀರಾ ಕಮ್ಮಿ. 1 ಟೀ ಚಮಚ ಎಣ್ಣೆಯಲ್ಲಿ ಮಾಡಿದರೆ ತಳ ಹಿಡಿದು ಒಣಕಲಾಗುತ್ತದೆ, 450 ಗ್ರಾಂಗೆ 2 ದೊಡ್ಡ ಚಮಚ ಎಣ್ಣೆ ಬೇಕು. ಕೊಬ್ಬು ಬಸಿಯುವ ಪ್ರಶ್ನೆಯೇ ಇಲ್ಲ.

ಎರಡನೆಯದು, ಕೈಮಾ ತೊಳೆಯುವುದು. ನಮ್ಮಲ್ಲಿ ಬಹಳ ಮನೆಗಳಲ್ಲಿ ರೂಢಿ. ಪುಡಿಯಾದ ಮಾಂಸ ತೊಳೆದರೆ ಸ್ಪಂಜಿನ ಹಾಗೆ ನೀರು ಹೀರುತ್ತದೆ, ಎಷ್ಟು ಹಿಂಡಿದರೂ ಬಿಡುವುದಿಲ್ಲ, ಬಾಣಲೆಯಲ್ಲಿ ಹತ್ತು ನಿಮಿಷ ಅದರದ್ದೇ ಕೆಲಸ. ಸಿಂಕಿನ ಸುತ್ತ ರಕ್ತದ ನೀರು ಸಿಡಿಯುವುದು ಬೇರೆ. ಅಂಗಡಿಯಲ್ಲಿ ಎಲುಬಿಲ್ಲದ ತುಂಡು ಆರಿಸಿ, ಬಿಳಿ ನಾರು, ಪೊರೆ ತೆಗೆಸಿ, ಕಣ್ಣ ಮುಂದೆಯೇ ಮಿಷಿನ್ನಿಗೆ ಒಮ್ಮೆ ಮಾತ್ರ ಹಾಕಿಸಿ. ಎರಡು ಸಲ ಹಾಕಿದರೆ ಪೇಸ್ಟ್ ಆಗಿ ಉಂಡೆ ಕಟ್ಟುತ್ತದೆ.

ಸೋಯಾ ರುಚಿ ಬೇಡದವರು ಸಾಸಿನ ಬದಲು ಬಫಾತ್ ಪುಡಿ (ಮಂಗಳೂರು ಕಡೆಯ ಮಸಾಲೆ ಪುಡಿ) ಒಂದೂವರೆ ಟೀ ಚಮಚ, ವಿನೆಗರ್ 2 ಟೀ ಚಮಚ, ಮುಕ್ಕಾಲು ಟೀ ಚಮಚ ಉಪ್ಪು ಹಾಕಿ. ಪುಡಿಯನ್ನು ಬೆಳ್ಳುಳ್ಳಿ ಜತೆ ಎಣ್ಣೆಯಲ್ಲೇ 20 ಸೆಕೆಂಡು ಹುರಿಯಬೇಕು, ಕೊನೆಗೆ ಉದುರಿಸಿದರೆ ಕೊತ್ತಂಬರಿಯ ಹಸಿ ವಾಸನೆ ಉಳಿಯುತ್ತದೆ. ಇದಕ್ಕೆ ಎಲೆಕೋಸಿಗಿಂತ ಬೀನ್ಸ್ ಅಥವಾ ಅಲಸಂದೆ ಕೋಡು ಒಳ್ಳೆಯದು.

ಹೊಸ ಒಲೆ:
ತುಂಬ ಉಪಕಾರ. ಮೂರು ಸಂದೇಹ. (1) ನಾನ್‌ಸ್ಟಿಕ್ ಬಾಣಲೆಯನ್ನು ಅಷ್ಟು ಕಾಯಿಸಬಹುದೇ? (2) ಫ್ರೀಜರಿನ 340 ಗ್ರಾಂ ಮಿಶ್ರ ತರಕಾರಿ ಪ್ಯಾಕೆಟ್ ಬಳಸಿದರೆ? (3) ಮಾಂಸದ ಪ್ಯಾಕೆಟ್ ಹೊರಗೆ ಕೆಂಪು, ಒಳಗೆ ಕಂದು ಬೂದು ಇರುತ್ತದೆ. ಹಳೆಯದೇ? ಹಾಗೆಯೇ, ಮಾಂಸಕ್ಕೆ ಅಡುಗೆ ಸೋಡಾ ಹಾಕಿ ಎನ್ನುತ್ತಾರಲ್ಲ, ನಿಜವೇ?

ಅಳತೆ ಚಮಚ:
ಮೂರನೆಯದರಿಂದ ಶುರು ಮಾಡುತ್ತೇನೆ. ಮಾಂಸದ ಕೆಂಪು ಬರುವುದು ಮಯೋಗ್ಲೋಬಿನ್‌ನಿಂದ. ಗಾಳಿ ತಾಗಿದ ಕಡೆ ಅದು ಕೆಂಪು, ಗಾಳಿ ಹೋಗದ ಒಳಭಾಗದಲ್ಲಿ ಮಂಕು. ಅಷ್ಟಕ್ಕೇ ಕೆಟ್ಟಿದೆ ಎನ್ನಬೇಡಿ. ಹುಳಿ ವಾಸನೆ ಇದ್ದರೆ, ಬೆರಳಿಗೆ ಲೋಳೆ ಹತ್ತಿದರೆ ಎಸೆಯಿರಿ. ಹಸಿ ಗ್ರೌಂಡ್ ಬೀಫ್ ಫ್ರಿಜ್ಜಿನಲ್ಲಿ 1–2 ದಿನ, ಅದಕ್ಕಿಂತ ತಡವಾಗುವುದಾದರೆ ಫ್ರೀಜರ್.

ಬೆಂದಿದೆಯೋ ಇಲ್ಲವೋ ಎಂಬುದಕ್ಕೂ ಬಣ್ಣವನ್ನು ನಂಬುವ ಹಾಗಿಲ್ಲ. ಇಡೀ ತುಂಡಿನಲ್ಲಿ ಬ್ಯಾಕ್ಟೀರಿಯಾ ಇದ್ದರೆ ಹೆಚ್ಚಾಗಿ ಮೇಲ್ಮೈಯಲ್ಲಿ ಇರುತ್ತದೆ. ಅರೆದಾಗ ಅದು ಒಳಗೆಲ್ಲ ಬೆರೆಯುತ್ತದೆ. ಅದಕ್ಕೇ ಅಮೆರಿಕದ ಕೃಷಿ ಇಲಾಖೆ ಗ್ರೌಂಡ್ ಬೀಫ್ ಒಳಗಿನ ಶಾಖ 71 ಡಿಗ್ರಿ ಸೆಲ್ಸಿಯಸ್ (ಅಲ್ಲಿಯ ಲೆಕ್ಕದಲ್ಲಿ 160 ಫ್ಯಾರನ್‌ಹೀಟ್) ಮುಟ್ಟಬೇಕು ಎನ್ನುತ್ತದೆ. ಕೆಲವೊಮ್ಮೆ ಅದಕ್ಕೆ ಮೊದಲೇ ಮಾಂಸ ಕಂದಾಗಿಬಿಡುತ್ತದೆ. ಪುಡಿ ಮಾಡಿ ಹುರಿದ ಕೈಮಾ ಈ ಶಾಖ ಸುಲಭವಾಗಿ ದಾಟುತ್ತದೆ, ಅನುಮಾನ ಇರುವುದು ದೊಡ್ಡ ಉಂಡೆ ಉಳಿದಾಗ. ಥರ್ಮಾಮೀಟರ್ ಇದ್ದರೆ ಅತಿ ದೊಡ್ಡ ಉಂಡೆಗೇ ಚುಚ್ಚಿ ನೋಡಿ. ಹಸಿ ಮಾಂಸ ಇಟ್ಟ ತಟ್ಟೆಗೆ ಬೆಂದದ್ದನ್ನು ಹಾಕಬೇಡಿ.

ಸೋಡಾ ನಿಜ. 450 ಗ್ರಾಂ ಮಾಂಸಕ್ಕೆ ಕಾಲು ಟೀ ಚಮಚ ಅಡುಗೆ ಸೋಡಾ, 1 ದೊಡ್ಡ ಚಮಚ ನೀರಿನಲ್ಲಿ ಕದಡಿ, ಬೆರಳ ತುದಿಯಿಂದ ಹಗುರವಾಗಿ ಬೆರೆಸಿ 15 ನಿಮಿಷ ಬಿಡಿ. ತರಕಾರಿ ಹೆಚ್ಚುವಷ್ಟು ಹೊತ್ತು, ಅಷ್ಟೇ. ಸೋಡಾ ಕ್ಷಾರ. ಅದರಿಂದ ಪ್ರೋಟೀನ್ ಬಿಗಿಯಾಗಿ ಮುದುಡದೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಕಂದು ಬಣ್ಣವೂ ಬೇಗ ಬರುತ್ತದೆ. ಅರ್ಧ ಚಮಚ ಹಾಕಿದಿರೋ, ಸೋಪಿನ ರುಚಿ ಬರುತ್ತದೆ, ಯಾವ ಸಾಸಿಗೂ ಅದು ಮುಚ್ಚುವುದಿಲ್ಲ. ಬೇಕಿಂಗ್ ಪೌಡರ್ ಬೇರೆ ವಸ್ತು, ಗೊಂದಲ ಬೇಡ.

ಫ್ರೀಜರ್ ತರಕಾರಿಯನ್ನು ಕರಗಿಸಬೇಡಿ. ಐಸ್ ಕಟ್ಟುವಾಗಲೇ ಅದರ ಜೀವಕೋಶ ಒಡೆದಿರುತ್ತದೆ, ಕರಗಿಸಿದರೆ ಬಟ್ಟಲಲ್ಲೇ ನೀರು ನಿಲ್ಲುತ್ತದೆ. ಫ್ರೀಜರಿನಿಂದ ನೇರ ಕಾದ ಬಾಣಲೆಗೆ, ಒಂದು ಸಲಕ್ಕೆ ಅರ್ಧ ಪ್ಯಾಕೆಟ್, ತೆಳ್ಳಗೆ ಹರಡಿ. ಅದು ಮೊದಲೇ ಅರೆಬೆಂದ ತರಕಾರಿ, ಬೇಯಿಸುವ ಚಿಂತೆ ಇಲ್ಲ, ನೀರು ಆರಿದರೆ ಸಾಕು. ಹಬೆ ನಿಂತು ಅಂಚಿನಲ್ಲಿ ಕಂದು ಚುಕ್ಕೆ ಕಾಣಲು 4–5 ನಿಮಿಷ. ಹಬೆ ನಿಲ್ಲುವ ಮೊದಲು ಸಾಸ್ ಹಾಕಿದರೆ ಅಷ್ಟು ಕಾರ್ನ್‌ಫ್ಲೋರ್‌ಗೆ ಗಟ್ಟಿಯಾಗುವುದಿಲ್ಲ. ಆಗ ಇನ್ನೊಂದು ಚಮಚ ಸೇರಿಸಲು ಹೋದರೆ ಲೋಳೆಯಾಗುತ್ತದೆ.

ನಾನ್‌ಸ್ಟಿಕ್ ಬಾಣಲೆಯನ್ನು ಖಾಲಿ ಇಟ್ಟು ಜೋರು ಉರಿಯಲ್ಲಿ ಬಿಡಲೇಬಾರದು. 260 ಡಿಗ್ರಿ ದಾಟಿದರೆ ಲೇಪ ಹಾಳಾಗತೊಡಗುತ್ತದೆ. ಎಣ್ಣೆ ಹಾಕಿಯೇ ಮಧ್ಯಮ ಉರಿಯಲ್ಲಿ 2 ನಿಮಿಷ ಕಾಯಿಸಿ, ಎಣ್ಣೆ ನೀರಿನ ಹಾಗೆ ತೆಳುವಾಗಿ ಹರಿಯುವಾಗ ಮಾಂಸ ಹಾಕಿ, ಆಮೇಲೆ ಉರಿ ಏರಿಸಿ.

ಕಬ್ಬಿಣದ ಬಾಣಲೆ:
ಸೋಡಾ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಅಗಲ ಬಾಣಲೆ, ಎರಡು ಕಂತು, ಮುಟ್ಟದೆ ಬಿಡುವ ತಾಳ್ಮೆ ಇದ್ದರೆ 80/20ಗೆ ಅದು ಬೇಡ. ಕೊಬ್ಬು ಇಷ್ಟು ಇದ್ದಾಗ ಮಾಂಸ ತಾನಾಗಿಯೇ ಮೃದು. ಕೊಬ್ಬು ಕಮ್ಮಿ ಇರುವ 93/7 ಅಥವಾ ಎಮ್ಮೆ ಕೈಮಾಕ್ಕೆ ಹಾಕಿ, ಅಲ್ಲಿ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಮಾಂಸದ ದೋಷಕ್ಕಿಂತ ಬಾಣಲೆಯ ಇಕ್ಕಟ್ಟಿನ ದೋಷವೇ ಹೆಚ್ಚು. ಮುಂದೆ ಕೊಳ್ಳುವುದಾದರೆ 30 ಸೆಂ.ಮೀ. ಬೀಡು ಕಬ್ಬಿಣದ ಚಪ್ಪಟೆ ಬಾಣಲೆ ಕೊಳ್ಳಿ. ಕಾಯಿಲ್ ಒಲೆಗೆ ಗುಂಡು ತಳದ ಬಾಣಲೆ ಹೊಂದುವುದಿಲ್ಲ, ತಳದ ನಾಲ್ಕು ಬೆರಳು ಜಾಗಕ್ಕಷ್ಟೇ ಶಾಖ ತಾಗುತ್ತದೆ. ಬೀಡು ಬಾಣಲೆಯನ್ನು ಮಧ್ಯಮಕ್ಕಿಂತ ತುಸು ಹೆಚ್ಚು ಉರಿಯಲ್ಲಿ 5 ನಿಮಿಷ ಕಾಯಿಸಬೇಕು. ಒಮ್ಮೆ ಕಾದರೆ ಮಾಂಸ ಬಿದ್ದರೂ ಆರುವುದಿಲ್ಲ.

ಕಾಚಂಪುಳಿ:
ಕೊಡಗಿನವರ ಮನೆಯಲ್ಲಿ ವಿನೆಗರ್ ಬದಲು ಕಾಚಂಪುಳಿ ಇರುತ್ತದಲ್ಲ, ಈ ಅಡುಗೆಗೆ ಅದು ಬಹಳ ಹೊಂದುತ್ತದೆ. 1 ಟೀ ಚಮಚ ವಿನೆಗರ್ ಇರುವ ಕಡೆ ಅರ್ಧ ಟೀ ಚಮಚ ಸಾಕು, ಅದು ಕಾಯಿಸಿ ಬತ್ತಿಸಿದ ಹುಳಿ. ಒಲೆ ಆರಿಸಿದ ಮೇಲೆ ಹಾಕಿ, ಕಾಳುಮೆಣಸು ಅರ್ಧದಿಂದ 1 ಟೀ ಚಮಚಕ್ಕೆ ಏರಿಸಿ. ಕಬ್ಬಿಣದ ಬಾಣಲೆಯಲ್ಲಿ ಹುಳಿ ಹಾಕಿದ ಅಡುಗೆ ಹಾಗೆಯೇ ಬಿಡಬಾರದು, ಲೋಹದ ರುಚಿ ಹತ್ತುತ್ತದೆ. ತಕ್ಷಣ ಬೇರೆ ಪಾತ್ರೆಗೆ ಬಗ್ಗಿಸಿ.

ಹೊಸ ಒಲೆ:
ಇವತ್ತೇ ಎರಡು ಕಂತಿನಲ್ಲಿ ಮಾಡುತ್ತೇನೆ. ಕೊನೆಯ ಪ್ರಶ್ನೆ: ಮರುದಿನದ ಡಬ್ಬಿಗೆ ತೆಗೆದಿಟ್ಟರೆ ತರಕಾರಿ ಮತ್ತೆ ನೀರು ಬಿಡುತ್ತದೆಯೇ? ಮಾಂಸ ಫ್ರೀಜರಿನಲ್ಲಿ ಇಟ್ಟರೆ ಕರಗಿಸಲು ರಾತ್ರಿಯೆಲ್ಲ ಬೇಕಲ್ಲ?

ಅಳತೆ ಚಮಚ:
ಬಿಡುತ್ತದೆ, ಎಲೆಕೋಸು ಹೆಚ್ಚು, ಬೀನ್ಸ್ ಕಮ್ಮಿ. ಡಬ್ಬಿಗೆಂದೇ ಮಾಡುವುದಾದರೆ ಬೀನ್ಸ್, ಕ್ಯಾರೆಟ್ ಮಾತ್ರ ಹಾಕಿ, ಬೀನ್ಸನ್ನು ಅರ್ಧ ನಿಮಿಷ ಮೊದಲೇ ನಿಲ್ಲಿಸಿ, ಬಿಸಿ ಮಾಡುವಾಗ ಉಳಿದದ್ದು ಬೇಯುತ್ತದೆ. ಅನ್ನದ ಮೇಲೆ ಸುರಿಯದೆ ಬೇರೆ ಡಬ್ಬಿಯಲ್ಲಿ ಇಡಿ. ಮಾಡಿದ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಬೇಕು, ಅಲ್ಲಿ 3–4 ದಿನ ಇರುತ್ತದೆ. ಆಳವಾದ ಪಾತ್ರೆಯಲ್ಲಿ ಬಿಸಿಬಿಸಿ ತುಂಬಿದರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಉಳಿಯುತ್ತದೆ, ಅಗಲವಾದ ಡಬ್ಬಿ ಒಳ್ಳೆಯದು.

ಹಸಿ ಮಾಂಸವನ್ನು ತಂದ ದಿನವೇ 225 ಗ್ರಾಂನ ಎರಡು ಜಿಪ್ ಚೀಲಕ್ಕೆ ಹಾಕಿ, ಲಟ್ಟಣಿಗೆಯಿಂದ 1 ಸೆಂ.ಮೀ. ದಪ್ಪಕ್ಕೆ ಲಟ್ಟಿಸಿ, ಗಾಳಿ ಹೊರಡಿಸಿ, ಮಟ್ಟಸವಾಗಿ ಮಲಗಿಸಿ ಫ್ರೀಜ್ ಮಾಡಿ. ಇಷ್ಟು ತೆಳುವಾಗಿದ್ದರೆ ಚೀಲ ಬಿಗಿಯಾಗಿ ಮುಚ್ಚಿಕೊಂಡು ತಣ್ಣೀರಲ್ಲಿ ಮುಳುಗಿಸಿಟ್ಟರೆ ಅರ್ಧ ಗಂಟೆಯ ಹೊತ್ತಿಗೆ ಕರಗುತ್ತದೆ. ಬಿಸಿ ನೀರು ಬೇಡ. ಹೀಗೆ ಕರಗಿಸಿದ್ದನ್ನು ಮತ್ತೆ ಇಡದೆ ಆಗಲೇ ಬೇಯಿಸಿ. ಬಾಣಲೆಗೆ ಹಾಕುವ ಮೊದಲು ಪೇಪರ್ ಟವೆಲ್‌ನಿಂದ ಎರಡೂ ಬದಿ ಒತ್ತಿ ತೆಗೆಯಿರಿ. ಲಟ್ಟಿಸಿದ ಚೀಲ ಹೇಗೂ ರೊಟ್ಟಿಯಂತೆಯೇ ಇರುತ್ತದೆ, ತಟ್ಟುವ ಕೆಲಸವೂ ಉಳಿಯುತ್ತದೆ.