ಅಲಮೂತ್ ಕೋಟೆಯಲ್ಲಿ ಈಗ ಉಳಿದಿರೋದು ಏನು?

ದುರ್ಗದ ಮೇಷ್ಟ್ರು:
ಇರಾನಿನ ಅಲಮೂತ್ ಕೋಟೆಯ ಫೋಟೋಗಳನ್ನು ನೋಡಿದೆ. ಇಸ್ಮಾಯಿಲಿಗಳ (ಶಿಯಾ ಮುಸ್ಲಿಮರ ಒಂದು ಪಂಗಡ) ನಾಯಕ ಹಸನ್ ಸಬ್ಬಾಹ್ 1090ರಲ್ಲಿ ಹಿಡಿದ ಕೋಟೆ, 1256ರವರೆಗೂ ಅವರ ಕೈಯಲ್ಲೇ ಇತ್ತು. ಆದರೆ ಈಗ ಕಾಣೋದು ಒಂದು ಬೋಳು ಬಂಡೆ, ಅಲ್ಲಲ್ಲಿ ಮುರಿದ ಗೋಡೆ. ಚಿತ್ರದುರ್ಗದ ಏಳುಸುತ್ತಿನ ಕೋಟೆ ನೋಡಿ ಬೆಳೆದ ನನಗೆ ಇದು ತೀರಾ ಚಿಕ್ಕದು ಅನ್ನಿಸಿತು. ಇಷ್ಟು ಜಾಗದಲ್ಲಿ ಕೂತು ಆಗ ಇರಾನ್ ಆಳುತ್ತಿದ್ದ ಸೆಲ್ಜುಕ್ ದೊರೆಗಳ ಸೈನ್ಯವನ್ನು ತಡೆದಿದ್ದು ಹೇಗೆ?

ಹೊಂಡದ ಹತ್ತಿರದವಳು:
ಮೇಷ್ಟ್ರೇ, ಗೋಡೆ ಬಿಡಿ, ನೀರು ನೋಡಿ. ಆ ಬಂಡೆ ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಎತ್ತರದಲ್ಲಿದೆ, ಸುತ್ತ ಕಡಿದಾದ ಇಳಿಜಾರು. ಅಲ್ಲಿ ಬಂಡೆಯೇ ಗೋಡೆ. ಕಷ್ಟ ಇರೋದು ಮೇಲೆ ಬದುಕೋದರಲ್ಲಿ. ಅದಕ್ಕೇ ಬಂಡೆ ಕೊರೆದು ತೊಟ್ಟಿ ಮಾಡಿದರು, ಹೊರಗಿನಿಂದ ಕಾಲುವೆಯಲ್ಲಿ ನೀರು ತಂದರು. 1256ರಲ್ಲಿ ಕೋಟೆ ಗೆದ್ದ ಮಂಗೋಲರ ಜೊತೆ ಒಳಗೆ ಹೋದ ಇತಿಹಾಸಕಾರ ಜುವೈನಿ ಅಲ್ಲಿನ ಉಗ್ರಾಣಗಳನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಜೇನುತುಪ್ಪದ ತೊಟ್ಟಿಗೆ ಇಳಿದವನೊಬ್ಬ ಆಳ ತಿಳಿಯದೆ ಮುಳುಗಿಯೇ ಹೋದನಂತೆ! ಜುವೈನಿ ಇಸ್ಮಾಯಿಲಿಗಳನ್ನು ದ್ವೇಷಿಸುತ್ತಿದ್ದವನು, ಅವನೇ ಹೊಗಳಿದ್ದಾನೆ ಅಂದ ಮೇಲೆ ಆ ಮಾತಿಗೆ ತೂಕ ಜಾಸ್ತಿ ಅಲ್ವಾ? ನಮ್ಮಲ್ಲೂ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಹರಿಯುತ್ತದೆ. ಎಣ್ಣೆ ಕೊಳ, ಕಣಜ ಎಲ್ಲ ಇವೆ. ಮಕ್ಕಳಿಗೆ ಅಲಮೂತ್ ಹೇಳಿಕೊಡೋದಾದರೆ ಅಲ್ಲಿಂದಲೇ ಶುರು ಮಾಡಿ.

ದಾವಣಗೆರೆ ಓದುಗ:
ಗೋಡೆ ಕಡಿಮೆ ಉಳಿದಿರೋದು ಸುಮ್ನೆ ಮಳೆಗಾಳಿಗೆ ಬಿದ್ದು ಅಲ್ಲ. ಮಂಗೋಲರ ದೊರೆ ಹುಲಗು ಖಾನನ ಕಡೆಯವರು ಬೇಕಂತಲೇ ಕೆಡವಿದರು. ಅಲ್ಲಿನ ಗ್ರಂಥಾಲಯ ದೊಡ್ಡ ಹೆಸರು ಮಾಡಿತ್ತು. ಜುವೈನಿ ಕುರಾನ್ ಪ್ರತಿಗಳನ್ನು, ಒಂದಷ್ಟು ಖಗೋಳ ಉಪಕರಣಗಳನ್ನು ತೆಗೆದಿಟ್ಟು, ಇಸ್ಮಾಯಿಲಿಗಳ ಧರ್ಮದ ಪುಸ್ತಕಗಳನ್ನು ಸುಡಿಸಿದ. ಗೋಡೆ ಬಿದ್ದಿದ್ದಕ್ಕಿಂತ ನನಗೆ ಈ ನಷ್ಟವೇ ದೊಡ್ಡದು, ಅವರ ಮಾತನ್ನು ಅವರ ಬಾಯಲ್ಲೇ ಕೇಳೋ ದಾರಿ ಬಹುಪಾಲು ಮುಚ್ಚಿಹೋಯಿತು. ಇನ್ನೊಂದು, ಈಗ ಕಾಣೋದೆಲ್ಲ ಅವರ ಕಾಲದ್ದೇ ಅಂದುಕೊಳ್ಳಬೇಡಿ. ಮುಂದೆ ಇರಾನ್ ಆಳಿದ ಸಫಾವಿದ್ ದೊರೆಗಳು ಅದನ್ನು ಸೆರೆಮನೆ ಮಾಡಿಕೊಂಡಿದ್ದರು.

ದುರ್ಗದ ಮೇಷ್ಟ್ರು:
ಇಬ್ಬರಿಗೂ ಧನ್ಯವಾದ. ಇಷ್ಟೆಲ್ಲ ಸಂಗ್ರಹ ಇದ್ದ ಮೇಲೆ ಸೋತಿದ್ದು ಯಾಕೆ?

ಹೊಂಡದ ಹತ್ತಿರದವಳು:
ಹಸಿವಿನಿಂದ ಸೋಲಲಿಲ್ಲ. ಇಸ್ಮಾಯಿಲಿಗಳ ಇಮಾಮ್ (ಧರ್ಮಗುರು) ರುಕ್ನುದ್ದೀನ್ ಖುರ್‌ಶಾಹ್ ಹತ್ತಿರದ ಮೈಮೂನ್‌ದಿಜ್ ಕೋಟೆಯಲ್ಲಿದ್ದ. ಅಲ್ಲಿ ಶರಣಾಗಿ, ಉಳಿದ ಕೋಟೆಗಳನ್ನೂ ಬಿಟ್ಟುಕೊಡಿ ಅಂತ ಆಜ್ಞೆ ಕಳಿಸಿದ. ಅಲಮೂತ್ ಕೆಲವೇ ದಿನ ತಡೆದು ಬಾಗಿಲು ತೆರೆಯಿತು. ದಾಮ್‌ಘಾನ್ ಹತ್ತಿರದ ಗಿರ್ದ್‌ಕೂಹ್ ಕೋಟೆಯವರಂತೂ ಒಪ್ಪಲೇ ಇಲ್ಲ, 1270ರವರೆಗೂ ಹೋರಾಡಿದರು.